ಐದು ಸ್ಪೀಕರ್‌ಗಳಿದ್ದೂ ಟಿವಿಯ ಧ್ವನಿ ಎರಡರಷ್ಟೇ ಬರುತ್ತಿದೆ: ಹೋಮ್ ಥಿಯೇಟರ್ ಸಂಪರ್ಕ ಹೇಗಿರಬೇಕು?

ಪ್ರಶ್ನೆ: ಮೌನರಾಗ

ಎಲ್ಲರಿಗೂ ನಮಸ್ಕಾರ.

ಐದು ಸ್ಪೀಕರ್ ಹಾಗೂ ಒಂದು ಸಬ್‌ವೂಫರ್ ಇರುವ ಹೋಮ್ ಥಿಯೇಟರ್ ನಮ್ಮ ಮನೆಯಲ್ಲಿ ಸುಮಾರು ಹತ್ತು ವರ್ಷಗಳಿಂದ ಇದೆ. ಸ್ಪೀಕರ್‌ಗಳಿಗೆ ಧ್ವನಿ ಹಂಚುವ ಅದರ ಪೆಟ್ಟಿಗೆಯ (ಎವಿ ರಿಸೀವರ್) ಹಿಂಬದಿಯಲ್ಲಿ ನಾಲ್ಕು ಎಚ್‌ಡಿಎಂಐ ಇನ್‌ಪುಟ್‌ಗಳೂ ‘ಎಆರ್‌ಸಿ’ ಎಂದು ಮುದ್ರಿಸಿರುವ ಒಂದು ಎಚ್‌ಡಿಎಂಐ ಔಟ್‌ಪುಟ್ಟೂ ಒಂದು ಆಪ್ಟಿಕಲ್ ಇನ್‌ಪುಟ್ಟೂ ಇವೆ. ಕಳೆದ ತಿಂಗಳು ಹಳೆಯ ಟಿವಿ ಕೆಟ್ಟುಹೋದ ಕಾರಣ 4ಕೆ ಟಿವಿಯೊಂದನ್ನು ತಂದೆವು. ಅದರಲ್ಲಿ ಮೂರು ಎಚ್‌ಡಿಎಂಐ ಪೋರ್ಟ್‌ಗಳಿದ್ದು, ಎರಡನೆಯದರ ಪಕ್ಕದಲ್ಲಿ ಎಆರ್‌ಸಿ ಎಂಬ ಗುರುತಿದೆ.

ಟಿವಿಯನ್ನು ಗೋಡೆಗೆ ಕೂರಿಸಲು ಬಂದವರು ಸೆಟ್‌ಟಾಪ್ ಬಾಕ್ಸ್, ಸ್ಟ್ರೀಮಿಂಗ್ ಸ್ಟಿಕ್ ಮತ್ತು ಬ್ಲೂ-ರೇ ಪ್ಲೇಯರ್ ಮೂರನ್ನೂ ನೇರವಾಗಿ ಟಿವಿಗೆ ಚುಚ್ಚಿ, ಟಿವಿಯಿಂದ ರಿಸೀವರ್‌ಗೆ ಒಂದು ಆಪ್ಟಿಕಲ್ ಕೇಬಲ್ ಎಳೆದು ಹೋದರು. ಧ್ವನಿಯೇನೋ ಬರುತ್ತಿದೆ. ಆದರೆ ಯಾವ ಚಿತ್ರ ಹಾಕಿದರೂ ರಿಸೀವರ್‌ನ ಮುಂಬದಿಯಲ್ಲಿ ಅಕ್ಷರ ತೋರಿಸುವ ಕಿಟಕಿಯಲ್ಲಿ ‘ಪಿಸಿಎಂ’ ಎಂದೇ ಕಾಣಿಸುತ್ತದೆ. ಹಿಂದಿನ ಎರಡು ಸ್ಪೀಕರ್‌ಗಳಲ್ಲಿ ಮುಂದಿನದರ ಮಸುಕಾದ ಮಾರ್ದನಿಯಂಥದ್ದು ಕೇಳಿಸುತ್ತದೆಯೇ ಹೊರತು ಬೇರೆ ಶಬ್ದವಿಲ್ಲ. ಪಾತ್ರಗಳ ಮಾತು ಹಿನ್ನೆಲೆ ಸಂಗೀತದಡಿ ಹೂತುಹೋಗುತ್ತದೆ. ಮಾತು ಕೇಳಲೆಂದು ವಾಲ್ಯೂಮ್ ಏರಿಸಿದರೆ ಮುಂದಿನ ದೃಶ್ಯದ ಸ್ಫೋಟಕ್ಕೆ ಮನೆಯವರೆಲ್ಲ ಬೆಚ್ಚಿಬೀಳುತ್ತಾರೆ. ಹಳೆಯ ಟಿವಿ ಇದ್ದಾಗ ಪ್ಲೇಯರ್ ಮಾತ್ರ ರಿಸೀವರ್‌ಗೇ ಸೇರಿತ್ತು, ಆಗ ಹೀಗಿರಲಿಲ್ಲ ಎಂಬ ನೆನಪು.

ನನಗೆ ತಿಳಿಯಬೇಕಾದುದು ಇಷ್ಟು. ಆಪ್ಟಿಕಲ್ ತೆಗೆದು ಎಆರ್‌ಸಿಗೆ ಬದಲಾಯಿಸಿದರೆ ಧ್ವನಿ ಉತ್ತಮಗೊಳ್ಳುತ್ತದೆಯೇ? ಉಪಕರಣಗಳನ್ನು ಟಿವಿಗೆ ಸೇರಿಸಬೇಕೇ, ರಿಸೀವರ್‌ಗೆ ಸೇರಿಸಬೇಕೇ? ದುಬಾರಿ ಕೇಬಲ್ ಹಾಕಿದರೆ ಏನಾದರೂ ವ್ಯತ್ಯಾಸವಾದೀತೇ? ರಿಸೀವರ್ ಬದಲಿಸುವ ಯೋಚನೆ ಸದ್ಯಕ್ಕಿಲ್ಲ.

ಉತ್ತರ 1: ತಂತಿಗಂಟು

ಮೌನರಾಗ ಅವರೇ, ನಿಮ್ಮ ಪ್ರಶ್ನೆಯ ಉತ್ತರ ಮುಕ್ಕಾಲು ಭಾಗ ನೀವೇ ಬರೆದ ಒಂದು ಸಾಲಿನಲ್ಲಿದೆ: ಕಿಟಕಿಯಲ್ಲಿ ‘ಪಿಸಿಎಂ’ ಎಂದೇ ಕಾಣಿಸುತ್ತದೆ. ಟಿವಿಯ ಮೆನು ಏನು ಹೇಳುತ್ತದೆ, ಡಿಸ್ಕ್‌ನ ಹೊದಿಕೆಯ ಮೇಲೆ ಏನು ಅಚ್ಚಾಗಿದೆ ಎಂಬುದನ್ನೆಲ್ಲ ಬದಿಗಿಟ್ಟು ಆ ಕಿಟಕಿಯನ್ನೊಂದೇ ನಂಬಿ. ರಿಸೀವರ್‌ಗೆ ನಿಜವಾಗಿ ಏನು ಬಂದು ತಲುಪಿದೆ ಎಂಬುದನ್ನು ತಿಳಿಸುವುದು ಅದೊಂದೇ. ಬಹಳಷ್ಟು ರಿಸೀವರ್‌ಗಳಲ್ಲಿ ರಿಮೋಟ್‌ನ ‘ಡಿಸ್‌ಪ್ಲೇ’ ಅಥವಾ ‘ಇನ್ಫೊ’ ಗುಂಡಿ ಒತ್ತಿದರೆ ಒಳಬರುವ ಸಂಕೇತದ ಹೆಸರೂ ಚಾನೆಲ್‌ಗಳ (ಒಂದೊಂದು ಸ್ಪೀಕರ್‌ಗೆಂದು ಇರುವ ಪ್ರತ್ಯೇಕ ಧ್ವನಿ) ಸಂಖ್ಯೆಯೂ ಕಾಣಿಸುತ್ತವೆ.

ಆಪ್ಟಿಕಲ್ ಕೇಬಲ್‌ನಲ್ಲಿ ಪಿಸಿಎಂ (ಸಂಕುಚಿತಗೊಳಿಸದ ಡಿಜಿಟಲ್ ಧ್ವನಿ) ಹರಿಯುತ್ತಿದೆ ಎಂದರೆ ಬರುತ್ತಿರುವುದು ಎರಡೇ ಚಾನೆಲ್. 1983ರಲ್ಲಿ ತೋಷಿಬಾ ಹೊರತಂದ ಈ ಸಂಪರ್ಕಕ್ಕೆ ಸಂಕುಚಿತಗೊಳಿಸದ ಧ್ವನಿಯನ್ನು ಎಡ ಮತ್ತು ಬಲ ಎಂಬ ಎರಡು ಚಾನೆಲ್‌ಗಳಿಗಿಂತ ಹೆಚ್ಚು ಹೊರುವ ಶಕ್ತಿಯಿಲ್ಲ. ಲೆಕ್ಕ ಸರಳ: ಸೆಕೆಂಡಿಗೆ 48,000 ಮಾದರಿಗಳಂತೆ, ಮಾದರಿಗೆ 16 ಬಿಟ್‌ನಂತೆ ಎರಡು ಚಾನೆಲ್‌ಗೆ ಸುಮಾರು 1.5 ಮೆಗಾಬಿಟ್ ಬೇಕು. ಅದೇ ವೇಗದಲ್ಲಿ 24 ಬಿಟ್‌ನ ಆರು ಚಾನೆಲ್‌ಗಳಿಗೆ ಸುಮಾರು 6.9 ಮೆಗಾಬಿಟ್ ಆಗುತ್ತದೆ. ಹಾಸಿಗೆಯನ್ನು ಸುರುಳಿ ಸುತ್ತಿ ಕಟ್ಟಿ ಕಿರಿದಾದ ಬಾಗಿಲಿನಲ್ಲಿ ಸಾಗಿಸಿದಂತೆ, 5.1 ಧ್ವನಿಯನ್ನು (ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರ್‌ಗೆಂದು ಆರು ಚಾನೆಲ್) ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಎಂಬ ಸುರುಳಿಯಾಗಿಸಿಯೇ ಇದರೊಳಗೆ ಕಳಿಸಬೇಕಾಗುತ್ತದೆ. ಡಾಲ್ಬಿ ಡಿಜಿಟಲ್ ಗರಿಷ್ಠವೆಂದರೂ 640 ಕಿಲೋಬಿಟ್‌ನಲ್ಲಿ ಮುಗಿಯುತ್ತದೆ. ನಿಮ್ಮ ಟಿವಿ ಆ ಸುರುಳಿಯನ್ನು ತಾನೇ ಬಿಚ್ಚಿ, ಆರನ್ನು ಎರಡಕ್ಕೆ ಬೆರೆಸಿ ಕಳಿಸುತ್ತಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಹಿಂದಿನ ಸ್ಪೀಕರ್‌ಗಳಲ್ಲಿ ನೀವು ಕೇಳುತ್ತಿರುವುದು ರಿಸೀವರ್ ಆ ಎರಡು ಚಾನೆಲ್‌ಗಳಿಂದ ಊಹಿಸಿ ಹೊರಡಿಸಿದ ಶಬ್ದ. ಕಿಟಕಿಯ ಮೂಲೆಯಲ್ಲಿ, ಹೀಗೆ ಊಹಿಸುವ ವಿಧಾನದ ಹೆಸರಾದ ‘ಪ್ರೊ ಲಾಜಿಕ್’ ಎಂಬ ಅಕ್ಷರಗಳು ಹೊತ್ತಿಕೊಂಡಿವೆಯೇ ನೋಡಿ.

ಆದ್ದರಿಂದ ಯಾವ ಕೇಬಲ್ಲನ್ನೂ ಮುಟ್ಟುವ ಮೊದಲು ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಧ್ವನಿಯ ವಿಭಾಗಕ್ಕೆ ಹೋಗಿ, ‘ಡಿಜಿಟಲ್ ಆಡಿಯೊ ಔಟ್’ ಎಂಬುದು ಪಿಸಿಎಂನಲ್ಲಿದ್ದರೆ ‘ಆಟೊ’, ‘ಬಿಟ್‌ಸ್ಟ್ರೀಮ್’ ಅಥವಾ ‘ಪಾಸ್‌ಥ್ರೂ’ಗೆ ಬದಲಾಯಿಸಿ. ಹೆಸರು ಟಿವಿಯಿಂದ ಟಿವಿಗೆ ಬೇರೆಯಾಗುತ್ತದೆ. ‘ಇದ್ದದ್ದನ್ನು ಇದ್ದಂತೆ ಕಳಿಸು’ ಎಂಬರ್ಥದ ಆಯ್ಕೆ ಯಾವುದೋ ಅದೇ ನಿಮಗೆ ಬೇಕಾದದ್ದು. ಸ್ಟಿಕ್ ಮತ್ತು ಸೆಟ್‌ಟಾಪ್ ಬಾಕ್ಸ್‌ಗಳ ಮೆನುಗಳಲ್ಲಿಯೂ ಇಂಥದೇ ಆಯ್ಕೆ ಇರುತ್ತದೆ, ಅಲ್ಲಿಯೂ ಒಮ್ಮೆ ಇಣುಕಿ. ಬಳಿಕ 5.1 ಧ್ವನಿ ಇದೆಯೆಂದು ಖಚಿತವಾಗಿ ಗೊತ್ತಿರುವ ಚಿತ್ರವೊಂದನ್ನೇ ಹಾಕಿ ಕಿಟಕಿಯನ್ನು ನೋಡಿ. ಕಾರ್ಯಕ್ರಮವೇ ಎರಡು ಚಾನೆಲ್‌ನದಾಗಿದ್ದರೆ ಯಾವ ಸೆಟ್ಟಿಂಗ್‌ನಿಂದಲೂ ಆರು ಚಾನೆಲ್ ಹುಟ್ಟುವುದಿಲ್ಲ.

ಇನ್ನು ಎಆರ್‌ಸಿ. 2009ರ ಎಚ್‌ಡಿಎಂಐ 1.4ರೊಂದಿಗೆ ಬಂದ ಈ ಸೌಲಭ್ಯ, ಟಿವಿಗೆ ಚಿತ್ರವನ್ನು ಒಯ್ಯುವ ಅದೇ ಕೇಬಲ್‌ನಲ್ಲಿ ಧ್ವನಿಯನ್ನು ಹಿಮ್ಮುಖವಾಗಿ ರಿಸೀವರ್‌ಗೆ ತರುತ್ತದೆ. ಆಪ್ಟಿಕಲ್‌ಗಿಂತ ಇದರ ಧ್ವನಿ ಬಹಳ ಮೇಲು ಎಂದು ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ಸಾಮಾನ್ಯ ಡಾಲ್ಬಿ ಡಿಜಿಟಲ್ ಸಂಕೇತ ಎರಡರಲ್ಲಿಯೂ ಒಂದೇ, ಬಿಟ್‌ಗೆ ಬಿಟ್ ಅದೇ. ಎಆರ್‌ಸಿಯ ಲಾಭ ಎರಡು ಕಡೆ ಇದೆ. ಸ್ಟ್ರೀಮಿಂಗ್ ಸೇವೆಗಳು ಹೆಚ್ಚಾಗಿ ಬಳಸುವ ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ ರೂಪ ಆಪ್ಟಿಕಲ್‌ನಲ್ಲಿ ಹಾಯುವುದಿಲ್ಲ, ಎಆರ್‌ಸಿಯಲ್ಲಿ ಟಿವಿ ಬಿಟ್ಟುಕೊಟ್ಟರೆ ಹಾಯುತ್ತದೆ. ಜೊತೆಗೆ ಟಿವಿಯ ರಿಮೋಟ್‌ನಲ್ಲಿಯೇ ರಿಸೀವರ್‌ನ ವಾಲ್ಯೂಮ್ ಏರುತ್ತದೆ, ಇಳಿಯುತ್ತದೆ. ಇದಕ್ಕೆ ಎರಡೂ ಕಡೆ ಸಿಇಸಿ ಎಂಬುದನ್ನು (ಎಚ್‌ಡಿಎಂಐ ಮೂಲಕ ಒಂದು ಉಪಕರಣ ಇನ್ನೊಂದನ್ನು ನಿಯಂತ್ರಿಸುವ ಸೌಲಭ್ಯ) ಚಾಲೂ ಮಾಡಬೇಕು. ಅದನ್ನು ಅದೇ ಹೆಸರಿನಿಂದ ಕರೆಯುವ ಟಿವಿಗಳು ಕಡಿಮೆ: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್ ಎಂಬ ಹೆಸರುಗಳಿವೆ. ಎಲ್ಲ ಸರಿಯಿದ್ದೂ ಎಆರ್‌ಸಿ ಎಚ್ಚರಗೊಳ್ಳದಿದ್ದರೆ, ಎರಡರ ಪ್ಲಗ್‌ಗಳನ್ನೂ ಗೋಡೆಯಿಂದ ಕಿತ್ತು ಕೆಲವು ನಿಮಿಷ ಬಿಟ್ಟು, ಮೊದಲು ಟಿವಿಯನ್ನೂ ಆಮೇಲೆ ರಿಸೀವರ್ ಅನ್ನೂ ಹಾಕಿ ನೋಡಿ. ನನಗೆ ಇದು ಎಷ್ಟೋ ಸಲ ಕೈಹಿಡಿದಿದೆ.

ಇ-ಎಆರ್‌ಸಿ ಎಂಬ ಹೊಸ ಪೀಳಿಗೆಯ ಹೆಸರನ್ನು ನೀವು ಕೇಳಿರಬಹುದು. ಅದು ಸುಮಾರು 37 ಮೆಗಾಬಿಟ್‌ನಷ್ಟು ಅಗಲದ ದಾರಿ; ಎಂಟು ಚಾನೆಲ್‌ಗಳನ್ನು ಸಂಕುಚಿಸದೆಯೇ ಕಳಿಸಬಲ್ಲದು. ಆದರೆ ಟಿವಿ, ರಿಸೀವರ್ ಎರಡರಲ್ಲಿಯೂ ಅದು ಇರಬೇಕು, ಹತ್ತು ವರ್ಷ ಹಳೆಯ ನಿಮ್ಮ ರಿಸೀವರ್‌ನಲ್ಲಿ ಇಲ್ಲ. ಆ ವಿಷಯವನ್ನು ಇಲ್ಲಿಗೇ ಬಿಡೋಣ.

ಕೇಬಲ್ ವಿಚಾರದಲ್ಲಿ ಒಂದೇ ಮಾತು. ಡಿಜಿಟಲ್ ಸಂಕೇತ ತಲುಪಿದರೆ ಪೂರ್ತಿ ತಲುಪುತ್ತದೆ, ಇಲ್ಲವಾದರೆ ಚಿತ್ರದಲ್ಲಿ ಚುಕ್ಕಿಗಳು ಮಿನುಗುತ್ತವೆ, ಧ್ವನಿ ತುಂಡು ತುಂಡಾಗುತ್ತದೆ. ದುಬಾರಿ ಕೇಬಲ್‌ನಿಂದ ಮಾತು ಮಧುರವಾಗುವುದಿಲ್ಲ. ಆಪ್ಟಿಕಲ್ಲನ್ನೇ ಉಳಿಸಿಕೊಳ್ಳುವಿರಾದರೆ ಅದರ ಎರಡೂ ತುದಿಗಳಲ್ಲಿ ಬರುವ ಪುಟ್ಟ ಪಾರದರ್ಶಕ ಟೋಪಿಗಳನ್ನು ತೆಗೆದಿದ್ದಾರೆಯೇ ಎಂದು ನೋಡಿ. ಟೋಪಿಯ ಸಮೇತ ತುರುಕಿ, ಧ್ವನಿ ಏಕೆ ಆಗಾಗ ಕಡಿಯುತ್ತದೆ ಎಂದು ತಲೆಕೆಡಿಸಿಕೊಂಡವರನ್ನು ಕಂಡಿದ್ದೇನೆ. ಒಂದು ತುದಿಯನ್ನು ಟಿವಿಗೆ ಸೇರಿಸಿ ಇನ್ನೊಂದನ್ನು ಅಂಗೈಯತ್ತ ಹಿಡಿದರೆ ಕೆಂಪು ಬೆಳಕಿನ ಚುಕ್ಕಿ ಬೀಳಬೇಕು.

ಉತ್ತರ 2: ಅಂಕುಡೊಂಕು

ತಂತಿಗಂಟು ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಎಲ್ಲವನ್ನೂ ಟಿವಿಗೆ ಚುಚ್ಚಿ, ಅದು ಮರಳಿಸಿದ್ದನ್ನು ಪ್ರಸಾದವೆಂದು ಸ್ವೀಕರಿಸುವ ವ್ಯವಸ್ಥೆಯನ್ನೇ ನಾನು ಪ್ರಶ್ನಿಸುತ್ತೇನೆ. ಸೆಟ್ಟಿಂಗ್ ಬದಲಾಯಿಸಿದ ಮೇಲೆಯೂ ಎಷ್ಟೋ ಟಿವಿಗಳು ತಮ್ಮೊಳಗಿನ ಆ್ಯಪ್‌ಗಳ 5.1 ಧ್ವನಿಯನ್ನು ಮಾತ್ರ ಹೊರಬಿಟ್ಟು, ಎಚ್‌ಡಿಎಂಐ ಪೋರ್ಟ್‌ಗೆ ಹೊರಗಿನಿಂದ ಬಂದದ್ದನ್ನು ಎರಡು ಚಾನೆಲ್‌ಗೆ ಇಳಿಸಿಯೇ ಕಳಿಸುತ್ತವೆ. ಇನ್ನು ಕೆಲವು ಟಿವಿಗಳಿಗೆ ಡಿಟಿಎಸ್ ಎಂದರೆ ಏನೆಂದೇ ತಿಳಿಯದು. ಡಿಟಿಎಸ್ ಧ್ವನಿಯ ಡಿಸ್ಕ್ ಹಾಕಿದರೆ ಚಿತ್ರ ಓಡುತ್ತದೆ, ಸ್ಪೀಕರ್‌ಗಳು ಮೌನವಾಗಿರುತ್ತವೆ.

ನಿಮ್ಮ ಬ್ಲೂ-ರೇ ಪ್ಲೇಯರ್ ಅನ್ನು ಇಂದೇ ಟಿವಿಯಿಂದ ಕಿತ್ತು ರಿಸೀವರ್‌ನ ಎಚ್‌ಡಿಎಂಐ ಇನ್‌ಪುಟ್‌ಗೆ ಹಾಕಿ. ಬ್ಲೂ-ರೇ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿರುವ ಡಾಲ್ಬಿ ಟ್ರೂಎಚ್‌ಡಿ ಮತ್ತು ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ ಎಂಬ ನಷ್ಟರಹಿತ ರೂಪಗಳು ಆಪ್ಟಿಕಲ್‌ನಲ್ಲಾಗಲಿ ಹಳೆಯ ಎಆರ್‌ಸಿಯಲ್ಲಾಗಲಿ ಬರಲಾರವು, ನೇರ ಎಚ್‌ಡಿಎಂಐ ಸಂಪರ್ಕದಲ್ಲಿ ಬರುತ್ತವೆ. ಹಳೆಯ ಟಿವಿ ಇದ್ದಾಗ ಚೆನ್ನಾಗಿತ್ತು ಎಂಬ ನಿಮ್ಮ ನೆನಪು ಸುಳ್ಳಲ್ಲ, ಆಗ ನಿಮಗೆ ಸಿಗುತ್ತಿದ್ದುದು ಇದೇ. ಪ್ಲೇಯರ್‌ನ ಮೆನುವಿನಲ್ಲಿ ‘ಸೆಕೆಂಡರಿ ಆಡಿಯೊ’ ಅಥವಾ ‘ಬಿಡಿ ಆಡಿಯೊ ಮಿಕ್ಸ್’ ಎಂಬುದು ಚಾಲೂ ಇದ್ದರೆ ಆರಿಸಿಬಿಡಿ. ಮೆನುವಿನ ಟಿಕ್ ಟಿಕ್ ಶಬ್ದವನ್ನೂ ನಿರ್ದೇಶಕರ ವಿವರಣೆಯನ್ನೂ ಮೂಲ ಧ್ವನಿಗೆ ಬೆರೆಸುವ ನೆಪದಲ್ಲಿ ಅದು ನಷ್ಟರಹಿತ ಧ್ವನಿಯನ್ನು ಸಾಮಾನ್ಯ ಡಾಲ್ಬಿಗೋ ಡಿಟಿಎಸ್‌ಗೋ ಇಳಿಸಿಬಿಡುತ್ತದೆ. ಈ ಒಂದು ಗುಂಡಿಯಿಂದಾಗಿ ಕಿಟಕಿಯಲ್ಲಿ ‘ಎಚ್‌ಡಿ’ ಎಂಬ ಅಕ್ಷರಗಳು ಬಾರದೆ ಪ್ಲೇಯರ್ ಕೆಟ್ಟಿದೆಯೆಂದು ನಾನೇ ಬಹಳ ದಿನ ನಂಬಿದ್ದೆ.

ಹಾಗಾದರೆ ಸ್ಟಿಕ್ಕನ್ನೂ ರಿಸೀವರ್‌ಗೇ ಹಾಕಬಹುದಲ್ಲ ಎಂದು ನೀವು ಕೇಳಬಹುದು. ಅಲ್ಲಿ ಸ್ವಲ್ಪ ತಡೆಯಿರಿ. ಎಚ್‌ಡಿಎಂಐ 1.4ರ ಕಾಲದ ರಿಸೀವರ್ ಸೆಕೆಂಡಿಗೆ 10.2 ಗಿಗಾಬಿಟ್ ಮಾತ್ರ ಹೊರಬಲ್ಲದು. 4ಕೆ ಚಿತ್ರವನ್ನು ಅದು ಸೆಕೆಂಡಿಗೆ 30 ಫ್ರೇಮ್‌ಗಳವರೆಗೆ ದಾಟಿಸುತ್ತದೆ. 60 ಫ್ರೇಮ್‌ಗೆ 2013ರಲ್ಲಿ ಬಂದ ಎಚ್‌ಡಿಎಂಐ 2.0ರ 18 ಗಿಗಾಬಿಟ್ ಬೇಕು, ಬೆಳಕು ಬಣ್ಣಗಳ ವ್ಯಾಪ್ತಿ ಹಿಗ್ಗಿಸುವ ಎಚ್‌ಡಿಆರ್‌ಗೆ ಅದಕ್ಕೂ ಹೊಸದು ಬೇಕು. ಇದರ ಮೇಲೆ ಎಚ್‌ಡಿಸಿಪಿ 2.2 ಎಂಬ ನಕಲು ತಡೆಯುವ ಬೀಗವೊಂದಿದೆ. ಅದರ ಕೀಲಿ ನಡುವೆ ಕುಳಿತ ರಿಸೀವರ್‌ನಲ್ಲಿ ಇಲ್ಲವಾದರೆ 4ಕೆ ಚಿತ್ರ ಕಾಣಿಸುವುದೇ ಇಲ್ಲ, ಅಥವಾ ಕಡಿಮೆ ಸ್ಪಷ್ಟತೆಗೆ ಇಳಿಯುತ್ತದೆ. ನಿಮ್ಮ ರಿಸೀವರ್ ಈ ಬದಲಾವಣೆಗಳ ನಡುಗಾಲದ್ದು, ಯಾವ ಕಡೆಗೆ ಸೇರಿದ್ದೆಂದು ಅದರ ಕೈಪಿಡಿ ನೋಡಿಯೇ ತಿಳಿಯಬೇಕು. ಧ್ವನಿಗೆ ಆಸೆಪಟ್ಟು ಚಿತ್ರವನ್ನು ಬಲಿಕೊಡುವುದು ಬೇಡ.

ಹೀಗಾಗಿ ನನ್ನ ಸಲಹೆ ಇಬ್ಬಗೆಯದು. ಸಾಮಾನ್ಯ ಬ್ಲೂ-ರೇ ಪ್ಲೇಯರ್ 1080 ಗೆರೆಗಳ ಚಿತ್ರವನ್ನಷ್ಟೇ ಕೊಡುವುದರಿಂದ ಅದು ರಿಸೀವರ್ ಮೂಲಕ ಹೋಗಲಿ. ಸ್ಟಿಕ್ ಟಿವಿಯಲ್ಲೇ ಇರಲಿ, ಅದರ ಧ್ವನಿ ಎಆರ್‌ಸಿಯಲ್ಲಿ ಹಿಂದಿರುಗಲಿ. ರಿಸೀವರ್‌ನ ಎಆರ್‌ಸಿ ಔಟ್‌ಪುಟ್‌ನಿಂದ ಟಿವಿಯ ಎರಡನೆಯ ಪೋರ್ಟ್‌ಗೆ ಒಂದೇ ಒಂದು ಎಚ್‌ಡಿಎಂಐ ಕೇಬಲ್ ಎಳೆದರೆ, ಪ್ಲೇಯರ್‌ನ ಚಿತ್ರ ಅದರಲ್ಲಿ ಮೇಲಕ್ಕೆ ಹೋಗುತ್ತದೆ, ಸ್ಟಿಕ್‌ನ ಧ್ವನಿ ಅದರಲ್ಲೇ ಕೆಳಕ್ಕೆ ಬರುತ್ತದೆ. ಆಪ್ಟಿಕಲ್ಲನ್ನು ಸುತ್ತಿ ಎತ್ತಿಡಿ. ಸ್ಟಿಕ್‌ನ ಧ್ವನಿಯನ್ನು ನಿಮ್ಮ ಟಿವಿ ಇಳಿಸಿಯೇ ಕಳಿಸುವುದೆಂದು ಕಂಡುಬಂದರೆ, ಅದೇ ಆ್ಯಪ್ ಟಿವಿಯೊಳಗೂ ಇದ್ದಲ್ಲಿ ಅದನ್ನೇ ಬಳಸಿ. ಸೆಟ್‌ಟಾಪ್ ಬಾಕ್ಸ್ ಎಲ್ಲಿದ್ದರೂ ಅಂಥ ನಷ್ಟವಿಲ್ಲ.

ಬ್ಲೂಟೂತ್‌ನಲ್ಲಿ ಸೇರಿಸಿದರೆ ತಂತಿಯ ಗೋಜೇ ಇಲ್ಲವಲ್ಲ ಎಂದು ಯಾರಾದರೂ ಹೇಳುವ ಮುನ್ನವೇ ಹೇಳಿಬಿಡುತ್ತೇನೆ: ಎರಡು ಚಾನೆಲ್ ಮಾತ್ರ, ಅದೂ ತುಟಿಗಿಂತ ತಡವಾಗಿ.

ಉತ್ತರ 3: ಮಂದ್ರಸ್ಥಾಯಿ

ಮೇಲಿನ ಇಬ್ಬರೂ ಸಂಕೇತವನ್ನು ರಿಸೀವರ್‌ವರೆಗೆ ತಂದುಬಿಟ್ಟಿದ್ದಾರೆ. ರಿಸೀವರ್‌ನಿಂದ ಕಿವಿಯವರೆಗಿನ ದಾರಿಯ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ಮಾತು ಹೂತುಹೋಗುವ ದೂರಿಗೆ ಅರ್ಧ ಕಾರಣ ಅಲ್ಲಿರುತ್ತದೆ.

ನನ್ನದೇ ಪೆದ್ದುತನದಿಂದ ಆರಂಭಿಸುತ್ತೇನೆ. ಮನೆಗೆ ಸುಣ್ಣಬಣ್ಣ ಮಾಡಿಸಿದ ಮೇಲೆ ಸ್ಪೀಕರ್‌ಗಳನ್ನು ಮತ್ತೆ ಜೋಡಿಸುವಾಗ ಎಡಗಡೆಯದರ ಕೆಂಪು ಮತ್ತು ಕಪ್ಪು ತುದಿಗಳನ್ನು ಅದಲುಬದಲು ಮಾಡಿದ್ದೆ. ಸುಮಾರು ಒಂದು ವರ್ಷ ಹಾಗೆಯೇ ಕೇಳಿದೆ. ಧ್ವನಿ ಹರಡಿಕೊಂಡು ವಿಶಾಲವಾಗಿದೆ ಎಂದು ಬಂದವರ ಮುಂದೆ ಹೆಮ್ಮೆಪಟ್ಟದ್ದೂ ಉಂಟು. ಒಂದು ದಿನ ಗಾಯಕಿಯೊಬ್ಬರ ಹಳೆಯ ಸ್ಟೀರಿಯೊ ಧ್ವನಿಮುದ್ರಣವನ್ನು ಎರಡೇ ಸ್ಪೀಕರ್‌ಗಳಲ್ಲಿ ಕೇಳುತ್ತಿದ್ದಾಗ, ನಡುವಿನಿಂದ ಬರಬೇಕಾದ ಕಂಠ ನನ್ನ ತಲೆಯ ಹಿಂದೆ ಎಲ್ಲಿಂದಲೋ ಬರುತ್ತಿದೆಯಲ್ಲ ಎನ್ನಿಸಿತು. ಮೃದಂಗದ ತೊಪ್ಪಿಯ ಗುಂಕಾರವೂ ಸೊರಗಿತ್ತು. ಒಂದು ಸ್ಪೀಕರ್‌ನ ಕೋನ್ ಮುಂದಕ್ಕೆ ಚಾಚುವ ಕ್ಷಣದಲ್ಲಿ ಇನ್ನೊಂದು ಹಿಂದಕ್ಕೆ ಸರಿಯುತ್ತಿದ್ದರೆ ಮಂದ್ರ ಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಬ್ಲೂ-ರೇ ಇರಲಿ, ಎಆರ್‌ಸಿ ಇರಲಿ, ಯಾವ ತಂತ್ರಜ್ಞಾನವೂ ಅದನ್ನು ಸರಿಮಾಡದು.

ನಿಮ್ಮ ಐದೂ ಸ್ಪೀಕರ್‌ಗಳ ತಂತಿಯನ್ನು ಎರಡೂ ತುದಿಯಲ್ಲಿ ಕಣ್ಣಾರೆ ನೋಡಿ. ತಂತಿಯ ಒಂದು ಎಳೆಯ ಮೇಲೆ ಗೆರೆಯೋ ಅಕ್ಷರವೋ ಉಬ್ಬೋ ಇರುತ್ತದೆ. ಅದು ರಿಸೀವರ್‌ನ ಕೆಂಪಿನಿಂದ ಹೊರಟರೆ ಸ್ಪೀಕರ್‌ನ ಕೆಂಪಿಗೇ ಸೇರಬೇಕು. ಗೋಡೆಯೊಳಗೆ ಹೋದ ತಂತಿಯಾಗಿದ್ದರೆ ರಿಸೀವರ್‌ನಿಂದ ಕಳಚಿ, 1.5 ವೋಲ್ಟ್‌ನ ಸಾಮಾನ್ಯ ಬ್ಯಾಟರಿಯ ಧನ ತುದಿಯನ್ನು ಕೆಂಪಿಗೂ ಋಣ ತುದಿಯನ್ನು ಕಪ್ಪಿಗೂ ಒಂದು ಕ್ಷಣ ತಾಗಿಸಿ. ‘ಟಪ್’ ಎಂಬ ಸದ್ದಿನೊಂದಿಗೆ ದೊಡ್ಡ ಕೋನ್ ಹೊರಕ್ಕೆ ಜಿಗಿಯಬೇಕು. ಒಳಕ್ಕೆ ಹೋದರೆ ತಿರುವುಮುರುವಾಗಿದೆ ಎಂದರ್ಥ. ಬಿಡಿ ಎಳೆಯೊಂದು ಪಕ್ಕದ ತುದಿಗೆ ತಾಗಿ ಕುಳಿತಿಲ್ಲ ಎಂಬುದನ್ನೂ ನೋಡಿಕೊಳ್ಳಿ, ಅದು ಆಂಪ್ಲಿಫೈಯರ್ ಅನ್ನೇ ಸುಡಬಲ್ಲದು.

ಈಗ ಮಾತಿನ ವಿಷಯ. 5.1 ಚಿತ್ರಗಳಲ್ಲಿ ಮಾತಿನ ಬಹುಪಾಲು ಬರುವುದು ನಡುವಿನ ಸ್ಪೀಕರ್‌ನಿಂದ. ಅದನ್ನೇ ನಾವು ಟಿವಿಯ ಕೆಳಗಿನ ಕಪಾಟಿನ ಒಳಗೆ, ಸಾಧ್ಯವಾದಷ್ಟು ಹಿಂದಕ್ಕೆ, ಮುಂದೆ ಎರಡು ಬೊಂಬೆಗಳನ್ನೂ ಇಟ್ಟು ಕೂರಿಸುತ್ತೇವೆ. ಆಗ ಕಪಾಟಿನ ಗೂಡು ತಾನೇ ಅನುರಣಿಸಿ ಮಾತು ಬಿಂದಿಗೆಯೊಳಗಿಂದ ಬಂದಂತೆ ಕೇಳಿಸುತ್ತದೆ. ಸ್ಪೀಕರ್‌ನ ಮುಖ ಕಪಾಟಿನ ಅಂಚಿಗೆ ಸಮನಾಗಿ ಅಥವಾ ಒಂದು ಬೆರಳಿನಷ್ಟು ಮುಂದಕ್ಕೆ ಇರಲಿ. ಮುಂಭಾಗದ ಅಡಿಗೆ ರಬ್ಬರ್ ತುಂಡುಗಳನ್ನಿಟ್ಟು ಮುಖವನ್ನು ಕುಳಿತವರ ಕಿವಿಯತ್ತ ಎತ್ತಿ. ಇಷ್ಟು ಮಾಡಿ ನೋಡಿದ ಮೇಲೂ ಮಾತು ಸಾಲದೆನಿಸಿದರೆ ರಿಸೀವರ್‌ನಲ್ಲಿ ನಡುವಿನ ಚಾನೆಲ್ಲನ್ನು ಮಾತ್ರ 2 ಅಥವಾ 3 ಡೆಸಿಬೆಲ್ ಏರಿಸಿ. ಸ್ಫೋಟಕ್ಕೆ ಬೆಚ್ಚಿಬೀಳುವ ತೊಂದರೆಗೆ ‘ನೈಟ್ ಮೋಡ್’ ಅಥವಾ ‘ಡೈನಾಮಿಕ್ ರೇಂಜ್’ ಎಂಬ ಆಯ್ಕೆ ಇದೆ. ಅದು ಜೋರಾದುದನ್ನು ತಗ್ಗಿಸಿ ಮೆಲ್ಲನೆಯದನ್ನು ಎತ್ತುತ್ತದೆ. ಹಗಲಿನಲ್ಲಿ ಅದನ್ನು ಬಳಸುವುದು ನನಗೆ ಹಿಡಿಸದು, ಮಕ್ಕಳು ಮಲಗಿದ ಮೇಲೆ ಅದಿಲ್ಲದೆ ನಡೆಯದು.

ಮುಂದಿನ ಎಡ ಬಲ ಸ್ಪೀಕರ್‌ಗಳು ನಡುಗೆರೆಯಿಂದ ತಲಾ 30 ಡಿಗ್ರಿ, ಹಿಂದಿನವು 100ರಿಂದ 120 ಡಿಗ್ರಿ ಇರಬೇಕೆಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಹೇಳುತ್ತದೆ. ಕೋನಮಾಪಕ ಬೇಕಿಲ್ಲ: ನೀವು ಸ್ಪೀಕರ್‌ಗಳಿಂದ 3 ಮೀಟರ್ ದೂರ ಕೂರುವಿರಾದರೆ ಆ ಎರಡರ ನಡುವೆಯೂ 3 ಮೀಟರ್ ಇರಲಿ, ಸಮಬಾಹು ತ್ರಿಕೋನವಾಗುತ್ತದೆ. ಹಿಂದಿನವು ಬೆನ್ನ ಹಿಂದಿನ ಮೂಲೆಯಲ್ಲಲ್ಲ, ಭುಜಕ್ಕಿಂತ ತುಸು ಹಿಂದೆ, ಬದಿಯಲ್ಲಿ ಇರಬೇಕು. ಎಲ್ಲರ ಮನೆಯ ಗೋಡೆ ಕಿಟಕಿಗಳೂ ಇದಕ್ಕೆ ಒಪ್ಪುವುದಿಲ್ಲ. ಆಗ ರಿಸೀವರ್‌ನಲ್ಲಿ ಪ್ರತಿ ಸ್ಪೀಕರ್‌ನ ದೂರವನ್ನು ಟೇಪು ಹಿಡಿದು ಅಳೆದು ತುಂಬಿಸಿದರೆ ಅದು ಹತ್ತಿರದವನ್ನು ತಡೆಹಿಡಿದು ಎಲ್ಲವೂ ಒಟ್ಟಿಗೆ ಕಿವಿಗೆ ತಲುಪುವಂತೆ ಮಾಡುತ್ತದೆ. ಶಬ್ದ ಒಂದು ಮಿಲಿಸೆಕೆಂಡ್‌ನಲ್ಲಿ 34 ಸೆಂಟಿಮೀಟರ್ ಸಾಗುತ್ತದೆ ಎಂಬುದು ನೆನಪಿರಲಿ. ಒಂದು ಮೀಟರ್ ತಪ್ಪು ತುಂಬಿಸಿದರೆ 3 ಮಿಲಿಸೆಕೆಂಡ್ ತಪ್ಪಿದಂತೆ. ಮೈಕ್ ಜೊತೆಗೆ ಬಂದಿದ್ದರೆ ಅದನ್ನು ಸೋಫಾದ ಮೇಲೆ ಕಿವಿಯ ಎತ್ತರಕ್ಕೆ ನಿಲ್ಲಿಸಿ, ಫ್ಯಾನ್ ಆರಿಸಿ, ಸ್ವಯಂಚಾಲಿತ ಹೊಂದಾಣಿಕೆ ನಡೆಸಿ. ಆಮೇಲೆ ಅದು ಬರೆದುಕೊಂಡ ದೂರಗಳನ್ನು ಒಮ್ಮೆ ಪರಿಶೀಲಿಸಿ. ಸ್ಪೀಕರ್‌ಗಳ ಗಾತ್ರವನ್ನು ‘ಲಾರ್ಜ್’ ಎಂದು ಅದು ನಿರ್ಧರಿಸಿದ್ದರೆ ನೀವು ‘ಸ್ಮಾಲ್’ ಮಾಡಿ ಕ್ರಾಸ್‌ಓವರ್ ಅನ್ನು (ಸ್ವರಗಳನ್ನು ಸ್ಪೀಕರ್ ಮತ್ತು ಸಬ್‌ವೂಫರ್‌ಗಳ ನಡುವೆ ಹಂಚುವ ಗಡಿ) 80 ಹರ್ಟ್ಸ್‌ಗೆ ಇಡಿ. ಅದಕ್ಕಿಂತ ಕೆಳಗಿನ ಸ್ವರಗಳು ಎಲ್ಲಿಂದ ಬಂದವೆಂದು ಕಿವಿಗೆ ಸುಲಭವಾಗಿ ತಿಳಿಯದು, ಅವನ್ನು ಸಬ್‌ವೂಫರ್‌ಗೆ ಒಪ್ಪಿಸುವುದೇ ಲೇಸು. ಸಬ್‌ವೂಫರ್‌ನ ಬೆನ್ನಿನ ಕ್ರಾಸ್‌ಓವರ್ ತಿರುಗಣೆಯನ್ನು ಆಗ ಗರಿಷ್ಠ ಹರ್ಟ್ಸ್‌ನವರೆಗೆ ತಿರುಗಿಸಿಡಿ, ಇಲ್ಲವಾದರೆ ಒಂದೇ ಕೆಲಸವನ್ನು ಇಬ್ಬರು ಮಾಡಿ ಕೆಡಿಸಿದಂತಾಗುತ್ತದೆ.

ಸಬ್‌ವೂಫರ್ ಎಲ್ಲಿರಬೇಕು ಎಂಬುದಕ್ಕೆ ತುಸು ನಗೆಪಾಟಲಿನ, ಆದರೆ ಕೆಲಸಕ್ಕೆ ಬರುವ ಉಪಾಯವಿದೆ. ಅದನ್ನು ಎತ್ತಿ ನೀವು ಕೂರುವ ಸೋಫಾದ ಮೇಲಿಟ್ಟು, ಮಂದ್ರ ಸ್ವರಗಳು ಓಡಾಡುವ ಸಂಗೀತ ಹಾಕಿ, ನೀವು ಗೋಡೆಗುಂಟ ಅಂಬೆಗಾಲಿಡುತ್ತಾ ಸಾಗಿ. ಕೆಲವು ಕಡೆ ಗುಂಯ್‌ಗುಡುತ್ತದೆ, ಕೆಲವು ಕಡೆ ಸ್ವರವೇ ಮಾಯವಾಗುತ್ತದೆ. ಪ್ರತಿ ಸ್ವರವೂ ಸಮನಾಗಿ ಬಿಡಿಬಿಡಿಯಾಗಿ ಕೇಳುವ ಜಾಗವೇ ಸಬ್‌ವೂಫರ್‌ನ ಜಾಗ. ಕೋಣೆಯ ಉದ್ದ 5 ಮೀಟರ್ ಇದ್ದರೆ ಸುಮಾರು 34 ಹರ್ಟ್ಸ್‌ನ ಅಲೆ ಎರಡು ಗೋಡೆಗಳ ನಡುವೆ ನಿಂತಲ್ಲೇ ನಿಂತುಬಿಡುತ್ತದೆ, ಅದಕ್ಕಾಗಿಯೇ ಈ ಏರುಪೇರು.

ಮೌನರಾಗ

ಮೂವರಿಗೂ ಕೃತಜ್ಞತೆಗಳು. ಎರಡು ದಿನ ಸಂಜೆ ಟಾರ್ಚ್ ಹಿಡಿದು ಟಿವಿಯ ಹಿಂದೆ ಮಂಡಿಯೂರಿ ಕಳೆದೆ.

ಮೊದಲು ತಂತಿಗಂಟು ಅವರು ಹೇಳಿದಂತೆ ಕೇಬಲ್ ಮುಟ್ಟದೆ ಸೆಟ್ಟಿಂಗ್ ಮಾತ್ರ ಬದಲಾಯಿಸಿದೆ. ಟಿವಿಯೊಳಗಿನ ಆ್ಯಪ್‌ನಲ್ಲಿ ಚಿತ್ರ ಹಾಕಿದಾಗ ಕಿಟಕಿಯಲ್ಲಿ ‘ಡಾಲ್ಬಿ ಡಿಜಿಟಲ್’ ಎಂದು ಬಂತು. ಸ್ಟಿಕ್‌ನಲ್ಲಿ ಅದೇ ಚಿತ್ರ ಹಾಕಿದರೆ ಮತ್ತೆ ಪಿಸಿಎಂ. ಅಂಕುಡೊಂಕು ಅವರ ಅನುಮಾನ ಅಕ್ಷರಶಃ ನಿಜವಾಯಿತು. ಆಪ್ಟಿಕಲ್ ತೆಗೆದು ಎಆರ್‌ಸಿಗೆ ಬಂದ ಮೇಲೆ ಆ್ಯಪ್‌ನ ಧ್ವನಿ ಡಾಲ್ಬಿ ಡಿಜಿಟಲ್ ಪ್ಲಸ್ ಎಂದು ತೋರಿಸುತ್ತದೆ, ಸ್ಟಿಕ್ಕನ್ನು ಬಿಟ್ಟುಬಿಟ್ಟಿದ್ದೇನೆ. ಪ್ಲೇಯರ್ ರಿಸೀವರ್‌ಗೆ ಸೇರಿದೆ, ‘ಸೆಕೆಂಡರಿ ಆಡಿಯೊ’ ಆಫ್ ಮಾಡಿದೆ, ಕಿಟಕಿಯಲ್ಲಿ ‘ಡಿಟಿಎಸ್-ಎಚ್‌ಡಿ’ ಬಂದಿದೆ. ಮಳೆಯ ದೃಶ್ಯವೊಂದರಲ್ಲಿ ಹಿಂದಿನ ಎಡಗಡೆಯಿಂದ ಸೂರಿನ ನೀರು ತೊಟ್ಟಿಕ್ಕುವ ಸದ್ದು ಪ್ರತ್ಯೇಕವಾಗಿ ಕೇಳಿ, ನಮ್ಮ ಮನೆಯದೇ ಸೋರುತ್ತಿದೆಯೇನೋ ಎಂದು ತಿರುಗಿ ನೋಡಿದೆ.

ತಂತಿಗಳ ಬಣ್ಣವೆಲ್ಲ ಸರಿಯಿತ್ತು. ನಡುವಿನ ಸ್ಪೀಕರ್ ಮಾತ್ರ ಮಂದ್ರಸ್ಥಾಯಿಯವರು ಬಂದು ನೋಡಿ ಬರೆದಂತೆ ಇತ್ತು, ಬೊಂಬೆಗಳ ಸಮೇತ. ಮುಂದಕ್ಕೆ ಎಳೆದು ಎತ್ತಿದ್ದೇನೆ. ಮಾತು ಈಗ ಸ್ಪಷ್ಟ.

ಎರಡು ತೊಡಕುಗಳು ಉಳಿದಿವೆ. ತುಟಿ ಅಲುಗುವ ಮೊದಲೇ ಮಾತು ಕೇಳಿಸುತ್ತದೆ, ಡಿಸ್ಕ್‌ನಲ್ಲಿಯೂ ಆ್ಯಪ್‌ನಲ್ಲಿಯೂ. ಇನ್ನೊಂದು, ಎಆರ್‌ಸಿಗೆ ಬಂದಾಗಿನಿಂದ ಸಬ್‌ವೂಫರ್‌ನಲ್ಲಿ ಸಣ್ಣಗೆ ‘ಗುಂ’ ಎಂಬ ಹಮ್ ಶುರುವಾಗಿದೆ, ಆಪ್ಟಿಕಲ್ ಇದ್ದಾಗ ಇರಲಿಲ್ಲ.

ತಂತಿಗಂಟು

ಹಮ್ ವಿಷಯದಲ್ಲಿ ನಿಮ್ಮ ಕೊನೆಯ ಮಾತೇ ಸುಳಿವು. ಆಪ್ಟಿಕಲ್‌ನಲ್ಲಿ ಹರಿಯುವುದು ಬೆಳಕು, ಅದು ಎರಡು ಉಪಕರಣಗಳನ್ನು ವಿದ್ಯುತ್ತಿನ ಮಟ್ಟಿಗೆ ಬೇರೆಯಾಗಿಯೇ ಇಡುತ್ತದೆ. ಎಚ್‌ಡಿಎಂಐ ತಾಮ್ರದ ತಂತಿಯಾದ್ದರಿಂದ ಟಿವಿ ಮತ್ತು ರಿಸೀವರ್‌ಗಳ ಅರ್ಥಿಂಗ್ ಒಂದಕ್ಕೊಂದು ಸೇರಿ ಕುಣಿಕೆಯಾಗುತ್ತದೆ. ಇದರಲ್ಲಿ ಮೊದಲ ಶಂಕಿತ ಹೊರಗಿನ ಆಂಟೆನಾ ಅಥವಾ ಡಿಶ್‌ನಿಂದ ಒಳಬರುವ ದಪ್ಪ ಕೇಬಲ್. ಸೆಟ್‌ಟಾಪ್ ಬಾಕ್ಸ್‌ನಿಂದ ಅದನ್ನು ತಿರುಗಿಸಿ ಕಳಚಿ. ಹಮ್ ನಿಂತರೆ ಆ ಕೇಬಲ್‌ಗೆ ಒಪ್ಪುವ ಐಸೊಲೇಟರ್ (ಸಂಕೇತವನ್ನು ಬಿಟ್ಟು ಅರ್ಥಿಂಗ್ ಕೊಂಡಿಯನ್ನು ಕಡಿಯುವ ಸಾಧನ) ಒಂದನ್ನು ನಡುವೆ ಸೇರಿಸಬಹುದು. ಟಿವಿ, ರಿಸೀವರ್, ಸಬ್‌ವೂಫರ್ ಮೂರನ್ನೂ ಒಂದೇ ಸಾಕೆಟ್‌ನಿಂದ ಎಳೆದ ಒಂದೇ ಬೋರ್ಡಿಗೆ ಹಾಕುವುದರಿಂದಲೂ ಬಹಳ ಸಲ ಅದು ಅಡಗುತ್ತದೆ. ಪ್ಲಗ್‌ನ ಅರ್ಥ್ ಪಿನ್ ತೆಗೆದರೆ ಹಮ್ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಹಮ್ ಹೋಗುವುದು ನಿಜ, ಷಾಕ್ ಹೊಡೆಯದಂತೆ ಕಾಯುವ ತಂತಿಯೂ ಅದರೊಡನೆ ಹೋಗುತ್ತದೆ.

ತುಟಿ ಮತ್ತು ಮಾತಿನ ಹೊಂದಾಣಿಕೆ ಇದಕ್ಕಿಂತ ಸುಲಭ. ಟಿವಿ ಚಿತ್ರವನ್ನು ನಯಗೊಳಿಸಲು, ಚಲನೆಯನ್ನು ಸರಾಗಗೊಳಿಸಲು ಸಮಯ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಧ್ವನಿ ರಿಸೀವರ್‌ನಿಂದ ಹೊರಬಿದ್ದಿರುತ್ತದೆ. ನಮ್ಮ ಕಿವಿಗೆ ಮುಂಚೆ ಬಂದ ಮಾತು ತಡವಾದ ಮಾತಿಗಿಂತ ಬೇಗ ಚುಚ್ಚುತ್ತದೆ. ಧ್ವನಿ ಸುಮಾರು 45 ಮಿಲಿಸೆಕೆಂಡ್ ಮುಂದಾದರೆ ನೋಡುಗರು ಗುರುತಿಸುತ್ತಾರೆ, ತಡವಾದುದನ್ನು ಗುರುತಿಸಲು ಸುಮಾರು 125 ಮಿಲಿಸೆಕೆಂಡ್ ಬೇಕು ಎಂದು ಪ್ರಸಾರ ಕ್ಷೇತ್ರದ ಅಂತಾರಾಷ್ಟ್ರೀಯ ಶಿಫಾರಸಿನಲ್ಲಿದೆ. ದೂರದಲ್ಲಿ ಬಟ್ಟೆ ಒಗೆಯುವವರ ಕೈ ಕಲ್ಲಿಗೆ ಬಡಿದುದನ್ನು ಮೊದಲು ಕಂಡು ಸದ್ದನ್ನು ಆಮೇಲೆ ಕೇಳಿ ರೂಢಿಯಾದ ನಮಗೆ ಇದರ ತಿರುಗುಮುರುಗು ಸಹಜವೆನಿಸದು. ಮೊದಲು ಟಿವಿಯಲ್ಲಿ ಚಲನೆ ಸರಾಗಗೊಳಿಸುವ ಆಯ್ಕೆಯನ್ನು ಆಫ್ ಮಾಡಿ ನೋಡಿ. ಉಳಿದುದನ್ನು ರಿಸೀವರ್‌ನ ‘ಆಡಿಯೊ ಡಿಲೇ’ ಅಥವಾ ‘ಲಿಪ್ ಸಿಂಕ್’ನಲ್ಲಿ ಹತ್ತು ಹತ್ತು ಮಿಲಿಸೆಕೆಂಡ್‌ನಂತೆ ಏರಿಸುತ್ತಾ ಹೋಗಿ. ಸುದ್ದಿ ಓದುವವರ ಮುಖ ಹತ್ತಿರದಿಂದ ಕಾಣುವಾಗ ‘ಪ’, ‘ಬ’, ‘ಮ’ ಅಕ್ಷರಗಳಲ್ಲಿ ತುಟಿ ಮುಚ್ಚಿ ತೆರೆಯುವುದನ್ನು ಗಮನಿಸಿದರೆ ಬೇಗ ಹಿಡಿತಕ್ಕೆ ಬರುತ್ತದೆ. ಇದರ ವಿರುದ್ಧ ತೊಂದರೆ, ಎಂದರೆ ಧ್ವನಿ ತಡವಾಗುವುದು ನಿಮಗಿದ್ದಿದ್ದರೆ ಕಷ್ಟವಿತ್ತು. ತಡವಾಗಿ ಬಂದದ್ದನ್ನು ಮುಂಚೆ ಬರುವಂತೆ ಮಾಡುವುದು ಯಾವ ರಿಸೀವರ್‌ಗೂ ಆಗದು.

ಮೌನರಾಗ

ಡಿಶ್‌ನ ಕೇಬಲ್ ಕಳಚಿದೊಡನೆ ಹಮ್ ನಿಂತಿತು; ಐಸೊಲೇಟರ್ ಬರುವವರೆಗೆ, ಚಿತ್ರ ನೋಡುವಾಗ ಅದನ್ನು ಕಳಚಿಡುತ್ತಿದ್ದೇನೆ. ಚಲನೆಯ ಆಯ್ಕೆ ಆಫ್ ಮಾಡಿದ ಮೇಲೆ ಡಿಲೇ 70ಕ್ಕೆ ಬಂದು ನಿಂತಿದೆ. ಸುದ್ದಿ ಓದುವವರ ‘ಮ’ಕಾರ ಮತ್ತು ತುಟಿ ಈಗ ಜೊತೆಯಲ್ಲೇ ಮುಚ್ಚುತ್ತವೆ. ಸಬ್‌ವೂಫರ್ ಅನ್ನು ಸೋಫಾದ ಮೇಲೇರಿಸಿ ಅಂಬೆಗಾಲಿಡುವ ಕಾರ್ಯಕ್ರಮ ಮಾತ್ರ ಬಾಕಿಯಿದೆ. ಮನೆಯಲ್ಲಿ ಯಾರೂ ಇಲ್ಲದ ದಿನ ನೋಡಿ ಮಾಡುತ್ತೇನೆ.